ಸರ್ಪೆಂಟಿನೀಕರಣಗೊಂಡ ಶಿಲೆಗಳ ಕಾಂತೀಯ ಗುಣಗಳು: ಅರ್ಜಿದಾರರ ತಿಳಿವಳಿಕೆಗಾಗಿ

ಶಿಲಾ ಮಾದರಿಗಳ ಪರೀಕ್ಷೆಗಾಗಿಯೂ ಖನಿಜ ರಿಯಾಯಿತಿಗಳಿಗಾಗಿಯೂ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಕೆಲವರು, ತಮ್ಮ ಜಮೀನಿನಲ್ಲಿ ದೊರೆತ ಕಲ್ಲು ಅಯಸ್ಕಾಂತಕ್ಕೆ ಅಂಟುತ್ತದೆಂಬ ಒಂದೇ ಕಾರಣದಿಂದ ಅದನ್ನು ಕಬ್ಬಿಣದ ಅದಿರೆಂದು ಭಾವಿಸುವುದುಂಟು. ಕಲ್ಲು ಹಸಿರು ಮಿಶ್ರಿತ ಕಪ್ಪು ಬಣ್ಣದ್ದಾಗಿದ್ದು, ಮೇಲ್ಮೈ ಎಣ್ಣೆ ಸವರಿದಂತೆ ನುಣುಪಾಗಿದ್ದರೆ ಅದು ಸರ್ಪೆಂಟಿನೈಟ್ ಎಂಬ ಶಿಲೆಯಾಗಿರುವ ಸಾಧ್ಯತೆ ಹೆಚ್ಚು. ಈ ಶಿಲೆ ಅಯಸ್ಕಾಂತವನ್ನು ಸೆಳೆಯುವುದು ನಿಜ. ಆದರೆ ಆ ಸೆಳೆತವು ಕಲ್ಲಿನ ಬೆಲೆಯನ್ನು ತಿಳಿಸುವುದಿಲ್ಲ. ಆ ಕಲ್ಲಿನೊಳಗೆ ಒಮ್ಮೆ ನೀರು ಪ್ರವೇಶಿಸಿತ್ತೆಂಬುದನ್ನು ತಿಳಿಸುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ಕೊಳವೆ ಕೊರೆಸಲು, ಖಾಸಗಿ ಸಮೀಕ್ಷೆ ನಡೆಸಲು ಅಥವಾ ಮಧ್ಯವರ್ತಿಗಳಿಗೆ ಮುಂಗಡ ನೀಡಲು ಹಣ ವೆಚ್ಚ ಮಾಡಿದವರಿಗೆ ಆ ಹಣ ಮರಳಿ ದೊರೆಯುವುದು ಕಷ್ಟ. ಆದುದರಿಂದ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಸರ್ಪೆಂಟಿನೀಕರಣ ಎಂದರೇನು

ಭೂಮಿಯ ಆಳದಿಂದ ಬಂದ ಪೆರಿಡೊಟೈಟ್, ಡ್ಯೂನೈಟ್ ಮುಂತಾದ ಶಿಲೆಗಳಲ್ಲಿ ಆಲಿವಿನ್ ಮತ್ತು ಪೈರಾಕ್ಸೀನ್ ಎಂಬ ಖನಿಜಗಳು ಪ್ರಧಾನವಾಗಿರುತ್ತವೆ. ಇವು ಮೆಗ್ನೀಸಿಯಂ, ಕಬ್ಬಿಣ ಮತ್ತು ಸಿಲಿಕಾ ಕೂಡಿದ ಖನಿಜಗಳು. ಅಧಿಕ ಉಷ್ಣತೆಯಲ್ಲಿ ರೂಪುಗೊಂಡ ಈ ಖನಿಜಗಳು ಕಡಿಮೆ ಉಷ್ಣತೆಯಲ್ಲಿ ನೀರಿನ ಸಂಪರ್ಕಕ್ಕೆ ಬಂದಾಗ ಹಾಗೆಯೇ ಉಳಿಯಲಾರವು. ಬಿರುಕುಗಳ ಮೂಲಕ ಇಳಿದ ನೀರಿನೊಡನೆ ವರ್ತಿಸಿ ಅವು ಸರ್ಪೆಂಟೀನ್ ಗುಂಪಿನ ಖನಿಜಗಳಾಗಿ ಮಾರ್ಪಡುತ್ತವೆ. ಹಾವಿನ ಚರ್ಮವನ್ನು ಹೋಲುವ ಬಣ್ಣ ಮತ್ತು ವಿನ್ಯಾಸದಿಂದಾಗಿ, ಹಾವು ಎಂಬರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಬಂದಿರುತ್ತದೆ. ಸರ್ಪೆಂಟೀನಿನ ತೂಕದಲ್ಲಿ ಸುಮಾರು ಶೇ. 13 ಭಾಗ ನೀರೇ ಆಗಿದೆ. ಈ ನೀರು ಖನಿಜದ ರಚನೆಯಲ್ಲೇ ಬಂಧಿತವಾಗಿರುವುದರಿಂದ ಕಲ್ಲನ್ನು ಬಿಸಿಲಿನಲ್ಲಿ ಒಣಗಿಸಿದರೆ ಹೋಗುವುದಿಲ್ಲ.

ಕಾಂತೀಯತೆಯ ಮೂಲ ಇರುವುದು ಇದೇ ಕ್ರಿಯೆಯಲ್ಲಿ. ಆಲಿವಿನ್ ಖನಿಜದೊಳಗಿನ ಕಬ್ಬಿಣವು ಮೆಗ್ನೀಸಿಯಂ ಜೊತೆ ಬೆರೆತು ಹರಡಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಅದು ಸಾಮಾನ್ಯ ಅಯಸ್ಕಾಂತಕ್ಕೆ ಗೋಚರವಾಗುವಂತೆ ಪ್ರತಿಕ್ರಿಯಿಸುವುದಿಲ್ಲ. ಸರ್ಪೆಂಟೀನ್ ಖನಿಜವು ತನ್ನ ರಚನೆಯೊಳಗೆ ಸೇರಿಸಿಕೊಳ್ಳುವ ಕಬ್ಬಿಣದ ಪ್ರಮಾಣ ಕಡಿಮೆ. ಉಳಿದ ಕಬ್ಬಿಣವು ನೀರಿನ ಆಮ್ಲಜನಕವನ್ನು ಪಡೆದು ಮ್ಯಾಗ್ನೆಟೈಟ್ ಎಂಬ ಪ್ರತ್ಯೇಕ ಖನಿಜವಾಗಿ ಕೂಡಿಕೊಳ್ಳುತ್ತದೆ; ನೀರಿನಲ್ಲಿದ್ದ ಜಲಜನಕ ಅನಿಲರೂಪದಲ್ಲಿ ಬಿಡುಗಡೆಯಾಗುತ್ತದೆ. ಸೂಜಿಗಲ್ಲು ಎಂದು ಜನರು ಬಲ್ಲ ವಸ್ತುವೂ ಇದೇ ಮ್ಯಾಗ್ನೆಟೈಟ್.

ಇಲ್ಲಿ ಅರ್ಜಿದಾರರು ಮುಖ್ಯವಾಗಿ ಗಮನಿಸತಕ್ಕ ಅಂಶವೆಂದರೆ, ಈ ಕ್ರಿಯೆಯಲ್ಲಿ ಹೊರಗಿನಿಂದ ಹೇಳಿಕೊಳ್ಳುವಷ್ಟು ಕಬ್ಬಿಣ ಶಿಲೆಗೆ ಸೇರುವುದಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇದು ಹೊಸ ಜಮೆಯಲ್ಲ, ಒಂದು ಖಾತೆಯಿಂದ ಮತ್ತೊಂದು ಖಾತೆಗೆ ಆದ ವರ್ಗಾವಣೆ ಮಾತ್ರ. ಪೆರಿಡೊಟೈಟ್‌ನಲ್ಲಿ ಕಬ್ಬಿಣದ ಅಂಶ ಸಾಮಾನ್ಯವಾಗಿ ಶೇ. 6 ರಿಂದ 8 ರ ಆಸುಪಾಸಿನಲ್ಲಿರುತ್ತದೆ. ಸರ್ಪೆಂಟಿನೈಟ್ ಆದ ಮೇಲೂ ಅದು ಬಹುಮಟ್ಟಿಗೆ ಅಷ್ಟೇ. ಶಿಲೆಯ ತೂಕದಲ್ಲಿ ಶೇ. 5 ಭಾಗ ಮ್ಯಾಗ್ನೆಟೈಟ್ ಇದ್ದರೆ ಕಲ್ಲು ಅಯಸ್ಕಾಂತವನ್ನು ಚೆನ್ನಾಗಿಯೇ ಸೆಳೆಯುತ್ತದೆ. ಶುದ್ಧ ಮ್ಯಾಗ್ನೆಟೈಟ್‌ನಲ್ಲಿ ಕಬ್ಬಿಣ ಶೇ. 72.4 ಇರುವುದರಿಂದ, ಆ ಶೇ. 5 ಭಾಗ ಮ್ಯಾಗ್ನೆಟೈಟ್‌ನಿಂದ ದೊರೆಯುವ ಕಬ್ಬಿಣ ಕಲ್ಲಿನ ತೂಕದ ಶೇ. 3.6 ರಷ್ಟು ಮಾತ್ರ. ಇದಕ್ಕೆ ವ್ಯತಿರಿಕ್ತವಾಗಿ, ಬಳ್ಳಾರಿ-ಹೊಸಪೇಟೆ ಪ್ರದೇಶದ ಉತ್ತಮ ದರ್ಜೆಯ ಹೆಮಟೈಟ್ ಅದಿರಿನಲ್ಲಿ ಶೇ. 60 ಕ್ಕೂ ಮೇಲ್ಪಟ್ಟು ಕಬ್ಬಿಣವಿದ್ದರೂ ಹೆಮಟೈಟ್ ಖನಿಜವು ಕೈಯಲ್ಲಿ ಹಿಡಿಯುವ ಅಯಸ್ಕಾಂತಕ್ಕೆ ಬಲು ಕ್ಷೀಣವಾಗಿ ಸ್ಪಂದಿಸುತ್ತದೆ. ಹೀಗೆ ಸಿರಿವಂತ ಅದಿರು ಅಯಸ್ಕಾಂತದ ಮುಂದೆ ಸುಮ್ಮನಿರುವುದೂ ಬಡ ಕಲ್ಲು ಹಾರಿ ಅಂಟಿಕೊಳ್ಳುವುದೂ ಸಾಧ್ಯ. ಅಯಸ್ಕಾಂತವನ್ನೇ ಸಾಕ್ಷಿಯಾಗಿ ಅರ್ಜಿಯೊಂದಿಗೆ ಉಲ್ಲೇಖಿಸುವುದರಿಂದ ಪ್ರಯೋಜನವಿಲ್ಲ.

ಕಾಂತೀಯ ಗುಣಗಳ ಅಳತೆ

ಶಿಲೆಯು ಬಾಹ್ಯ ಕಾಂತಕ್ಷೇತ್ರಕ್ಕೆ ಎಷ್ಟರಮಟ್ಟಿಗೆ ಒಳಗಾಗುತ್ತದೆ ಎಂಬುದನ್ನು ಕಾಂತೀಯ ಗ್ರಹಣಶೀಲತೆ ಎನ್ನಲಾಗುತ್ತದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಇದಕ್ಕೆ ಮಾನವಿಲ್ಲ, ಬರಿಯ ಸಂಖ್ಯೆ. ಮಾರ್ಪಾಡಾಗದ ಪೆರಿಡೊಟೈಟ್‌ನಲ್ಲಿ ಇದು ಸುಮಾರು 0.001 ರ ಆಸುಪಾಸಿನಲ್ಲಿದ್ದರೆ, ಸರ್ಪೆಂಟಿನೈಟ್‌ಗಳಲ್ಲಿ 0.01 ರಿಂದ 0.1 ರವರೆಗೆ ಏರುವುದು ಸಾಮಾನ್ಯ. ಅಂದರೆ ಅದೇ ಕಬ್ಬಿಣವನ್ನಿಟ್ಟುಕೊಂಡೇ ಶಿಲೆ ಹತ್ತರಿಂದ ನೂರು ಪಟ್ಟು ಹೆಚ್ಚು ಕಾಂತೀಯವಾಗಿರುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಮಾಪಕದಿಂದ ಇದನ್ನು ಕ್ಷೇತ್ರದಲ್ಲೇ ಅಳೆಯಬಹುದು.

ಈ ಏರಿಕೆ ಒಂದೇ ಸಮನಾಗಿ ಆಗುವುದಿಲ್ಲ. ಮಹಾಸಾಗರ ತಳದಿಂದ ಎತ್ತಿದ ಮಾದರಿಗಳ ಅಧ್ಯಯನದಲ್ಲಿ, ಶಿಲೆಯ ಸುಮಾರು ಮುಕ್ಕಾಲು ಭಾಗ ಮಾರ್ಪಡುವವರೆಗೆ ಕಾಂತೀಯತೆ ನಿಧಾನವಾಗಿ ಹೆಚ್ಚಿ, ಅನಂತರ ತೀವ್ರವಾಗಿ ಏರುವುದು ಕಂಡುಬಂದಿದೆ. ಮೊದಲ ಹಂತದಲ್ಲಿ ಕಬ್ಬಿಣವು ಸರ್ಪೆಂಟೀನ್ ಮತ್ತು ಬ್ರೂಸೈಟ್ ಖನಿಜಗಳಲ್ಲಿ ತಂಗಿರುತ್ತದೆ. ಕ್ರಿಯೆ ಮುಂದುವರಿದಂತೆ ಅಲ್ಲಿಂದ ಹೊರಬಿದ್ದು ಮ್ಯಾಗ್ನೆಟೈಟ್ ಆಗುತ್ತದೆ. ಉಷ್ಣತೆಯೂ ಮುಖ್ಯ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಸರ್ಪೆಂಟಿನೀಕರಣ ನಡೆದಲ್ಲಿ ಮ್ಯಾಗ್ನೆಟೈಟ್ ಅಲ್ಪವಾಗಿಯೇ ಉಂಟಾಗುತ್ತದೆ. ಆದುದರಿಂದ ಪೂರ್ಣವಾಗಿ ಸರ್ಪೆಂಟಿನೈಟ್ ಆಗಿದ್ದರೂ ಅಯಸ್ಕಾಂತಕ್ಕೆ ಅಂಟದ ಕಲ್ಲುಗಳೂ ಇವೆ. ಅಂಟಲಿಲ್ಲ ಎಂದು ಇದು ಸರ್ಪೆಂಟಿನೈಟ್ ಅಲ್ಲವೆಂದು ತೀರ್ಮಾನಿಸುವಂತಿಲ್ಲ.

ಎರಡನೆಯ ಗುಣ ಉಳಿಕೆ ಕಾಂತತ್ವ, ಅಂದರೆ ಬಾಹ್ಯ ಕ್ಷೇತ್ರವನ್ನು ತೆಗೆದರೂ ಶಿಲೆಯಲ್ಲೇ ಉಳಿಯುವ ಕಾಂತತ್ವ. ಮ್ಯಾಗ್ನೆಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ ಇಂಥ ಕಾಂತತ್ವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಲಾವಾ ಶಿಲೆಗಳು ಈ ಮಿತಿಯನ್ನು ದಾಟಿ ತಣಿಯುವಾಗ ಅಂದಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಪಡೆಯುತ್ತವೆ. ಸರ್ಪೆಂಟಿನೈಟ್‌ನ ಮ್ಯಾಗ್ನೆಟೈಟ್ ಆದರೋ ಈ ಮಿತಿಗಿಂತ ಕೆಳಗಿನ ಉಷ್ಣತೆಯಲ್ಲಿಯೇ ಬೆಳೆಯುತ್ತದೆ. ಆದ್ದರಿಂದ ಅದು ದಾಖಲಿಸುವ ದಿಕ್ಕು ಶಿಲೆ ಹುಟ್ಟಿದ ಕಾಲದ್ದಲ್ಲ, ಶಿಲೆಗೆ ನೀರು ಸೇರಿದ ಕಾಲದ್ದು. ಹತ್ತು ಸಾವಿರದಲ್ಲೊಂದು ಮಿಲಿಮೀಟರಿನಷ್ಟು ಸೂಕ್ಷ್ಮವಾದ ಕಣಗಳು ಈ ದಾಖಲೆಯನ್ನು ದೃಢವಾಗಿ ಉಳಿಸಿಕೊಳ್ಳುತ್ತವೆ; ದಪ್ಪ ಕಣಗಳು ಅಯಸ್ಕಾಂತಕ್ಕೆ ಬಲವಾಗಿ ಅಂಟಿದರೂ ಹಳೆಯ ದಿಕ್ಕನ್ನು ಸುಲಭವಾಗಿ ಕಳೆದುಕೊಳ್ಳುತ್ತವೆ.

ಗಳಿಸಿದ ಕಾಂತೀಯತೆಯನ್ನು ಶಿಲೆ ಕಳೆದುಕೊಳ್ಳುವುದೂ ಉಂಟು. ಇಂಗಾಲಾಮ್ಲ ಬೆರೆತ ನೀರು ಸರ್ಪೆಂಟಿನೈಟ್ ಮೇಲೆ ವರ್ತಿಸಿದಾಗ ಅದು ಟಾಲ್ಕ್ ಮತ್ತು ಮ್ಯಾಗ್ನೆಸೈಟ್ ಕೂಡಿದ ಶಿಲೆಯಾಗಿ ಬದಲಾಗುತ್ತದೆ; ಮ್ಯಾಗ್ನೆಟೈಟ್ ಕರಗಿ ಅದರ ಕಬ್ಬಿಣ ಕಾರ್ಬೊನೇಟ್ ಖನಿಜಗಳಿಗೆ ಸೇರುತ್ತದೆ. ಬಳಪದ ಕಲ್ಲಿನ ಕೆಲವು ನಿಕ್ಷೇಪಗಳು ಈ ಬಗೆಯ ಮಾರ್ಪಾಡಿನ ಫಲವಾಗಿದ್ದು, ಪಕ್ಕದ ಸರ್ಪೆಂಟಿನೈಟ್‌ಗಿಂತ ಅವುಗಳ ಕಾಂತೀಯತೆ ಬಹಳ ಕಡಿಮೆ.

ಕರ್ನಾಟಕದಲ್ಲಿ ಈ ಶಿಲೆಗಳು

ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಸ್ಟ್ ಪಟ್ಟಿ ಇದಕ್ಕೆ ಉತ್ತಮ ಉದಾಹರಣೆ. ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಸುಮಾರು 60 ಕಿ.ಮೀ. ಉದ್ದಕ್ಕೆ ಹಬ್ಬಿರುವ ಈ ಕಿರಿದಾದ ಪಟ್ಟಿಯ ಶಿಲೆಗಳು 300 ಕೋಟಿ ವರ್ಷಗಳಿಗೂ ಹಿಂದಿನವು. ಹೊಳೆನರಸೀಪುರ ಪಟ್ಟಿಯಲ್ಲಿಯೂ, ಮೈಸೂರು ಜಿಲ್ಲೆಯ ಸಿಂಧುವಳ್ಳಿ ಮತ್ತು ದೊಡ್ಡಕಾನ್ಯ ಪ್ರದೇಶಗಳಲ್ಲಿಯೂ ಸರ್ಪೆಂಟಿನೀಕರಣಗೊಂಡ ಶಿಲೆಗಳಿದ್ದು, ಸಿಂಧುವಳ್ಳಿಯು ಕ್ರೋಮೈಟ್‌ಗೂ ದೊಡ್ಡಕಾನ್ಯವು ಮ್ಯಾಗ್ನೆಸೈಟ್‌ಗೂ ಹೆಸರಾಗಿವೆ.

ನುಗ್ಗೇಹಳ್ಳಿ ಪಟ್ಟಿಯಲ್ಲಿ ಗೊಂದಲಕ್ಕೆ ವಿಶೇಷ ಅವಕಾಶವಿದೆ, ಏಕೆಂದರೆ ಇಲ್ಲಿ ಅಯಸ್ಕಾಂತವನ್ನು ಸೆಳೆಯುವ ಕಲ್ಲುಗಳು ಒಂದಕ್ಕಿಂತ ಹೆಚ್ಚು ಬಗೆಯವು. ಸರ್ಪೆಂಟಿನೈಟ್ ಒಂದು. ತಗಡೂರು, ರಂಗನಬೆಟ್ಟ ಮುಂತಾದೆಡೆ ದೊರೆಯುವ, ಟೈಟಾನಿಯಂ ಮತ್ತು ವೆನೇಡಿಯಂ ಕೂಡಿದ ಮ್ಯಾಗ್ನೆಟೈಟ್ ಇನ್ನೊಂದು. ಈ ಎರಡನೆಯದು ಕರಗಿದ ಶಿಲಾರಸದಿಂದಲೇ ನೇರವಾಗಿ ಹರಳುಗಟ್ಟಿ ಪದರಗಳಾಗಿ ಶೇಖರಗೊಂಡದ್ದು. ಅದಕ್ಕೂ ನೀರಿನಿಂದಾದ ಮಾರ್ಪಾಡಿಗೂ ಸಂಬಂಧವಿಲ್ಲ. ಮೂರನೆಯದು ಕ್ರೋಮೈಟ್. ಕ್ರೋಮೈಟ್ ತನ್ನಷ್ಟಕ್ಕೆ ಕ್ಷೀಣ ಕಾಂತೀಯತೆಯುಳ್ಳದ್ದಾದರೂ, ಬೈರಾಪುರದಂಥ ಕ್ರೋಮೈಟ್ ತಾಣಗಳಿರುವ ಈ ಪಟ್ಟಿಯಲ್ಲಿ ಶಿಲೆಯ ಮಾರ್ಪಾಡಿನೊಂದಿಗೆ ಕ್ರೋಮೈಟ್ ಕಣಗಳ ಅಂಚುಗಳು ಕಬ್ಬಿಣ ಹೆಚ್ಚಿರುವ ಫೆರಿಟ್‌ಕ್ರೋಮೈಟ್ ಆಗಿ ಬದಲಾಗಿರುವುದುಂಟು. ಆ ಅಂಚುಗಳು ಅಯಸ್ಕಾಂತಕ್ಕೆ ಸ್ಪಂದಿಸುತ್ತವೆ. ಹೀಗೆ ಅಂಟುವ ಕ್ರೋಮೈಟ್ ಅದಿರಿನಲ್ಲಿ ಕಬ್ಬಿಣದ ಎದುರು ಕ್ರೋಮಿಯಂನ ಪಾಲು ಕುಗ್ಗಿರುವ ಸಂಭವವಿದ್ದು, ಕೊಳ್ಳುವವರು ನೋಡುವುದು ಆ ಪಾಲನ್ನೇ. ಇಲ್ಲಿ ಅಯಸ್ಕಾಂತದ ಸೆಳೆತ ಒಳ್ಳೆಯ ಲಕ್ಷಣವಾಗುವ ಬದಲು ಎಚ್ಚರಿಕೆಯ ಲಕ್ಷಣವೇ ಆಗಬಹುದು.

ಮನೆಯಲ್ಲಿಯೇ ಮಾಡಬಹುದಾದ ತೂಕದ ಪರೀಕ್ಷೆ

ಸರ್ಪೆಂಟಿನೀಕರಣದ ಒಂದು ವಿಶೇಷವೆಂದರೆ, ಶಿಲೆಯ ಕಾಂತೀಯತೆ ಏರಿದಂತೆ ಅದರ ಸಾಂದ್ರತೆ ಇಳಿಯುತ್ತದೆ. ನೀರನ್ನು ಹೀರಿಕೊಂಡು ಶಿಲೆ ಹಿಗ್ಗುವುದೇ ಇದಕ್ಕೆ ಕಾರಣ. ಮಾರ್ಪಾಡಾಗದ ಪೆರಿಡೊಟೈಟ್ ನೀರಿಗಿಂತ ಸುಮಾರು 3.3 ಪಟ್ಟು ಭಾರವಿದ್ದರೆ, ಪೂರ್ಣ ಸರ್ಪೆಂಟಿನೈಟ್ ಸುಮಾರು 2.5 ರಿಂದ 2.7 ಪಟ್ಟು ಮಾತ್ರ. ಕ್ರೋಮೈಟ್ ಸುಮಾರು 4.5 ಕ್ಕೂ ಮೇಲೆ, ಮ್ಯಾಗ್ನೆಟೈಟ್ ಮತ್ತು ಹೆಮಟೈಟ್ ಖನಿಜಗಳು ಸುಮಾರು 5.2. ಆದ್ದರಿಂದ ಅಯಸ್ಕಾಂತಕ್ಕೆ ಅಂಟುವ ಕಲ್ಲು ಹಗುರವಾಗಿದ್ದರೆ ಅದು ಅದಿರಲ್ಲವೆಂದು ಬಹುಮಟ್ಟಿಗೆ ಊಹಿಸಬಹುದು.

ಇದಕ್ಕೆ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಒಡೆಯದ, ಮಣ್ಣು ತೊಳೆದ ಕಲ್ಲನ್ನು ದಾರದಲ್ಲಿ ಕಟ್ಟಿ ಮೊದಲು ಗಾಳಿಯಲ್ಲಿ ತೂಗಿ, ಅನಂತರ ಬಕೆಟ್ಟಿನ ನೀರಿನಲ್ಲಿ ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ ತೂಗತಕ್ಕದ್ದು. ಗಾಳಿಯಲ್ಲಿನ ತೂಕವನ್ನು, ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಬೇಕು. ಉದಾಹರಣೆಗೆ, ಗಾಳಿಯಲ್ಲಿ 520 ಗ್ರಾಂ, ನೀರಿನಲ್ಲಿ 320 ಗ್ರಾಂ ತೂಗಿದರೆ ಕಡಿಮೆಯಾದದ್ದು 200 ಗ್ರಾಂ. 520 ನ್ನು 200 ರಿಂದ ಭಾಗಿಸಿದರೆ 2.6. ಇದು ಸರ್ಪೆಂಟಿನೈಟ್‌ಗೆ ಹೊಂದುವ ಅಂಕಿ. ಅದೇ ಗಾತ್ರದ ಕಲ್ಲು ಸಿರಿವಂತ ಮ್ಯಾಗ್ನೆಟೈಟ್ ಆಗಿದ್ದಲ್ಲಿ ಗಾಳಿಯಲ್ಲಿ ಒಂದು ಕಿಲೋಗ್ರಾಂನಷ್ಟು ತೂಗಬೇಕಿತ್ತು. ರಂಧ್ರಗಳುಳ್ಳ ಅಥವಾ ಶಿಥಿಲವಾದ ಕಲ್ಲಿಗೆ ಈ ಲೆಕ್ಕ ನಂಬಲರ್ಹವಲ್ಲ. ಅಲ್ಲದೆ ಕಬ್ಬಿಣಯುಕ್ತ ಪಟ್ಟೆಶಿಲೆಗಳು ಇವೆರಡರ ನಡುವಿನ ಅಂಕಿಗಳನ್ನು ಕೊಡುತ್ತವೆ. ಖಚಿತ ನಿರ್ಧಾರಕ್ಕೆ ರಾಸಾಯನಿಕ ವಿಶ್ಲೇಷಣೆಯೇ ಆಗಬೇಕು.

ಕಲ್ಲನ್ನು ಕುಟ್ಟಿ ಪುಡಿಮಾಡಬಾರದು

ಕಲ್ಲನ್ನು ಒರಳಿನಲ್ಲಿ ಕುಟ್ಟಿ, ಪುಡಿಯಲ್ಲಿ ಅಯಸ್ಕಾಂತವನ್ನು ಆಡಿಸಿ ಅಂಟಿದ ಭಾಗವನ್ನು ತೂಗುವ ರೂಢಿ ಕೆಲವೆಡೆ ಇರುತ್ತದೆ. ಸರ್ಪೆಂಟಿನೈಟ್ ವಿಷಯದಲ್ಲಿ ಇದು ಅಪಾಯಕಾರಿ. ಸರ್ಪೆಂಟೀನ್ ಗುಂಪಿನ ಒಂದು ಖನಿಜವಾದ ಕ್ರಿಸೊಟೈಲ್ ಎಂದರೆ ಬಿಳಿ ಕಲ್ನಾರು. ಅದು ಶಿಲೆಯ ಬಿರುಕುಗಳಲ್ಲಿ ರೇಷ್ಮೆಯಂತೆ ಹೊಳೆಯುವ ಎಳೆಗಳಾಗಿರುತ್ತದೆ ಮತ್ತು ಅಂಥ ಎಳೆಗಳ ಅಂಚಿನಲ್ಲಿಯೇ ಮ್ಯಾಗ್ನೆಟೈಟ್ ಕೂಡಿರುವುದು ಸಾಮಾನ್ಯ. ಅಯಸ್ಕಾಂತಕ್ಕೆ ಚೆನ್ನಾಗಿ ಅಂಟುವ ತುಂಡನ್ನು ಆರಿಸಿ ಕುಟ್ಟುವವರು ನಾರಿರುವ ತುಂಡನ್ನೇ ಆರಿಸಿಕೊಳ್ಳುವ ಸಂಭವವಿದೆ. ಕಲ್ನಾರಿನ ಧೂಳು ಉಸಿರಿನೊಡನೆ ಒಳಸೇರಿದರೆ ಹಲವು ವರ್ಷಗಳ, ಕೆಲವೊಮ್ಮೆ ದಶಕಗಳ ನಂತರ ಶ್ವಾಸಕೋಶದ ಕಾಯಿಲೆ ಮತ್ತು ಕ್ಯಾನ್ಸರ್ ತರಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಕಲ್ನಾರಿನ ಗಣಿಗಾರಿಕೆಗೆ ಹೊಸ ಗುತ್ತಿಗೆ ನೀಡುವುದನ್ನು ಭಾರತ ಸರ್ಕಾರವು 1986ರಲ್ಲಿ ನಿಲ್ಲಿಸಿತು.

ಆದುದರಿಂದ ನಾರು ಕಾಣಿಸುವ ಕಲ್ಲನ್ನು ಒಡೆಯುವುದು, ಉಜ್ಜುವುದು, ಮಕ್ಕಳ ಕೈಗೆ ಕೊಡುವುದು ಸಲ್ಲದು. ಒಡೆಯಲೇಬೇಕಾದ ಸಂದರ್ಭದಲ್ಲಿ ಕಲ್ಲನ್ನು ನೀರಿನಲ್ಲಿ ನೆನೆಸಿದರೆ ಧೂಳು ಏಳುವುದು ಕಡಿಮೆಯಾಗುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ಈ ಸೂಕ್ಷ್ಮ ನಾರುಗಳನ್ನು ತಡೆಯಲಾರದು.

ಇದೇ ಕ್ರಿಯೆಯಲ್ಲಿ ಬಿಡುಗಡೆಯಾಗುವ ಜಲಜನಕದ ಬಗ್ಗೆಯೂ ಇತ್ತೀಚೆಗೆ ಆಸಕ್ತಿ ಹೆಚ್ಚಿದೆ. ಅಲ್ಬೇನಿಯಾ ದೇಶದ ಬುಲ್ಕಿಜ ಕ್ರೋಮೈಟ್ ಗಣಿಯಿಂದ ವರ್ಷಕ್ಕೆ ಕನಿಷ್ಠ 200 ಟನ್ ಜಲಜನಕ ಹೊರಬರುತ್ತಿದೆಯೆಂದು 2024ರಲ್ಲಿ ವರದಿಯಾಗಿರುತ್ತದೆ. ಅಲ್ಲಿನದು ಸಾಗರತಳದಿಂದ ಮೇಲೆ ತಳ್ಳಲ್ಪಟ್ಟ, ಭೂವೈಜ್ಞಾನಿಕವಾಗಿ ಎಳೆಯ ಶಿಲಾಸಮೂಹ. ಅದನ್ನು ತೋರಿಸಿ ಹಳೆಯ ಪಟ್ಟಿಗಳ ಜಮೀನಿಗೆ ಬೆಲೆ ಕಟ್ಟುವವರ ಮಾತನ್ನು ಪರಿಶೀಲಿಸದೆ ನಂಬಬಾರದು.

ಕಾಂತೀಯ ಸಮೀಕ್ಷೆಯ ವರದಿಗಳು ಮತ್ತು ದಿಕ್ಸೂಚಿ

ಖಾಸಗಿಯಾಗಿ ನಡೆಸಿದ ಕಾಂತೀಯ ಸಮೀಕ್ಷೆಯ ನಕಾಶೆಯನ್ನು ಓದುವಾಗ ಸ್ಥಳದ ವಿಶೇಷವನ್ನು ಗಮನಿಸಬೇಕಾಗುತ್ತದೆ. ಭೂಕಾಂತ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುವುದರಿಂದ, ಸುಮಾರು 40,000 ನ್ಯಾನೋಟೆಸ್ಲಾ ಪ್ರಮಾಣದ ಭೂಕಾಂತ ಕ್ಷೇತ್ರವು ದಕ್ಷಿಣ ಕರ್ನಾಟಕದಲ್ಲಿ ಬಹುತೇಕ ನೆಲಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಮುಖಮಾಡಿರುತ್ತದೆ. ಇದರ ಪರಿಣಾಮವಾಗಿ, ಈ ಕ್ಷೇತ್ರದಿಂದಲೇ ಕಾಂತತ್ವ ಪಡೆದ ಶಿಲೆ ನೆಲದಡಿ ಇದ್ದಲ್ಲಿ ಅದರ ನೇರ ಮೇಲೆ ಅಳತೆ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಯುರೋಪ್, ಕೆನಡಾಗಳ ಪಠ್ಯಗಳಲ್ಲಿ ತೋರಿಸುವಂತೆ ಕೆಂಪು ಬಣ್ಣದ ಏರುಭಾಗದ ಕೆಳಗೆ ಶಿಲೆ ಇದೆಯೆಂದು ಇಲ್ಲಿ ಗುರುತಿಸಿದರೆ ಬೇರೆಯೇ ಜಾಗದಲ್ಲಿ ಕೊರೆಯಬೇಕಾದೀತು. ಮತ್ತೊಂದು ತೊಡಕು, ಉತ್ತರ-ದಕ್ಷಿಣವಾಗಿ ಉದ್ದಕ್ಕೆ ಹಬ್ಬಿದ ಶಿಲೆ ಇಂಥ ಕ್ಷೇತ್ರದಲ್ಲಿ ತನ್ನ ತುದಿಗಳಲ್ಲಿ ಮಾತ್ರ ಸ್ಪಷ್ಟವಾಗಿ ತೋರಿ ನಡುವೆ ಮಸುಕಾಗಿರುತ್ತದೆ. ನುಗ್ಗೇಹಳ್ಳಿ ಪಟ್ಟಿಯ ಹರಹು ಹೆಚ್ಚುಕಡಿಮೆ ಇದೇ ದಿಕ್ಕಿನದು. ಶಿಲೆಯ ಉಳಿಕೆ ಕಾಂತತ್ವ ಬೇರೆ ದಿಕ್ಕಿನಲ್ಲಿದ್ದರೆ ಚಿತ್ರ ಇನ್ನಷ್ಟು ಬದಲಾಗುತ್ತದೆ. ಈ ತಿದ್ದುಪಡಿಗಳನ್ನು ಮಾಡಲಾಗಿದೆಯೇ ಎಂದು ವರದಿ ಕೊಟ್ಟವರನ್ನು ಲಿಖಿತವಾಗಿ ಕೇಳುವುದು ಸೂಕ್ತ.

ದಿಕ್ಸೂಚಿಯ ವಿಷಯವೂ ಇದೇ. ಸರ್ಪೆಂಟಿನೈಟ್ ಬಂಡೆಗಳ ಬಳಿ ಮುಳ್ಳು ಉತ್ತರವನ್ನು ಬಿಟ್ಟು ವಾಲಬಹುದು. ಸಿಡಿಲು ಬಡಿದ ಬೆಟ್ಟದ ತುದಿಯ ಬಂಡೆಗಳಲ್ಲಂತೂ ಕೆಲವು ಹೆಜ್ಜೆಗಳಲ್ಲೇ ಮುಳ್ಳು ಗಣನೀಯವಾಗಿ ತಿರುಗುವುದುಂಟು. ಆದುದರಿಂದ ಇಂಥ ಪ್ರದೇಶದ ಗಡಿಯನ್ನು ದಿಕ್ಸೂಚಿಯಿಂದ ಗುರುತಿಸಿದ ಕೈನಕ್ಷೆಯನ್ನು ಮಾತ್ರ ನೆಚ್ಚಿಕೊಳ್ಳದೆ, ಸರ್ವೆ ಕಲ್ಲುಗಳಿಂದ ಅಳೆದ ಅಥವಾ ಉಪಗ್ರಹ ಆಧಾರಿತ ಉಪಕರಣದಿಂದ ಪಡೆದ ಅಕ್ಷಾಂಶ-ರೇಖಾಂಶಗಳನ್ನು ನಮೂದಿಸುವುದು ಒಳಿತು. ಗಡಿ ತಪ್ಪಿ ಪಕ್ಕದ ಸರ್ವೆ ನಂಬರಿಗೆ ಹೋದರೆ ಅನಂತರದ ತಕರಾರು ವರ್ಷಗಟ್ಟಲೆ ಸಾಗಬಹುದು.

ಅರ್ಜಿ ಸಲ್ಲಿಸುವ ಮುನ್ನ

ಜಮೀನು ಪಹಣಿಯಲ್ಲಿ ಅರ್ಜಿದಾರರ ಹೆಸರಿನಲ್ಲಿಯೇ ಇದ್ದರೂ, ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1957ರ 4ನೇ ಪ್ರಕರಣದಂತೆ ರಿಯಾಯಿತಿ ಪಡೆಯದೆ ಗಣಿಗಾರಿಕೆ ನಡೆಸುವಂತಿಲ್ಲ. 2015ರ ಜನವರಿ 12ರಿಂದ ಜಾರಿಗೆ ಬಂದ ತಿದ್ದುಪಡಿಯ ತರುವಾಯ ಕಬ್ಬಿಣದ ಅದಿರು, ಕ್ರೋಮೈಟ್ ಮುಂತಾದ ಪ್ರಧಾನ ಖನಿಜಗಳ ಗಣಿ ಗುತ್ತಿಗೆಯನ್ನು ಖಾಸಗಿಯವರಿಗೆ ಹರಾಜಿನ ಮೂಲಕ ನೀಡಲಾಗುತ್ತದೆ. ಮೊದಲು ಅರ್ಜಿ ಕೊಟ್ಟವರಿಗೆ ಆದ್ಯತೆಯೆಂಬ ಹಿಂದಿನ ಪದ್ಧತಿ ಈಗಿಲ್ಲ. ಹೀಗಿರುವಾಗ ಅಯಸ್ಕಾಂತಕ್ಕೆ ಅಂಟಿದ ಕಲ್ಲನ್ನು ತೋರಿಸಿ ಗುತ್ತಿಗೆ ಕೊಡಿಸುವುದಾಗಿ ಹೇಳುವವರಿಗೆ ಹಣ ಕೊಡಬಾರದೆಂದು ಪ್ರತ್ಯೇಕವಾಗಿ ತಿಳಿಸಬೇಕಾಗಿಲ್ಲ. ಡ್ಯೂನೈಟ್, ಪೈರಾಕ್ಸಿನೈಟ್ ಹಾಗೂ ಬಳಪದ ಕಲ್ಲನ್ನು 2015ರ ಫೆಬ್ರವರಿ 10ರ ಅಧಿಸೂಚನೆಯಲ್ಲಿ ಉಪಖನಿಜಗಳೆಂದು ಘೋಷಿಸಿರುವುದರಿಂದ ಅವು ರಾಜ್ಯದ ಉಪಖನಿಜ ರಿಯಾಯಿತಿ ನಿಯಮಾವಳಿಯ ವ್ಯಾಪ್ತಿಗೆ ಬರುತ್ತವೆ. ಕಲ್ಲು ಯಾವ ಬಗೆಯದೆಂಬುದು ಮೊದಲು ನಿರ್ಧಾರವಾಗಬೇಕಾದದ್ದು ಈ ಕಾರಣಕ್ಕಾಗಿಯೇ: ಹೆಸರು ತಪ್ಪಾದರೆ ಅರ್ಜಿಯೇ ಬೇರೆ ನಿಯಮದಡಿ ಹೋಗುತ್ತದೆ.

ಪರೀಕ್ಷೆಗಾಗಿ ಮಾದರಿ ನೀಡುವವರು ಗಟ್ಟಿ ಬಂಡೆಯಿಂದ ಬಿಡಿಸಿದ ತುಂಡನ್ನು ಕೊಡಬೇಕೇ ಹೊರತು ಹೊಲದಲ್ಲಿ ಬಿದ್ದಿದ್ದ ಬಿಡಿಗಲ್ಲನ್ನಲ್ಲ. ಬಿಡಿಗಲ್ಲು ಬೇರೆಡೆಯಿಂದ ಬಂದಿರಬಹುದು. ಅತಿ ಹೆಚ್ಚು ಅಂಟುವ ತುಂಡನ್ನು ಮಾತ್ರ ಆರಿಸದೆ, ಒಂದೇ ಬಂಡೆಯ ಮೂರು ನಾಲ್ಕು ಕಡೆಗಳಿಂದ ತೆಗೆದ ತುಂಡುಗಳನ್ನು ಬೇರೆ ಬೇರೆ ಚೀಲಗಳಲ್ಲಿ ಇರಿಸಿ, ಪ್ರತಿ ಚೀಲದ ಮೇಲೆ ಗ್ರಾಮ, ಹೋಬಳಿ, ಸರ್ವೆ ನಂಬರ್ ಮತ್ತು ತೆಗೆದ ದಿನಾಂಕವನ್ನು ಬರೆಯತಕ್ಕದ್ದು. ನಾರಿನ ಎಳೆ ಕಂಡ ಮಾದರಿಯನ್ನು ಒದ್ದೆ ಮಾಡಿ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ನಾರಿದೆಯೆಂದು ಹೊರಗೆ ಬರೆದು, ಸ್ವೀಕರಿಸುವ ಸಿಬ್ಬಂದಿಗೆ ಮೊದಲೇ ತಿಳಿಸತಕ್ಕದ್ದು. ಪರೀಕ್ಷಾ ಶುಲ್ಕ ಮತ್ತು ತಗಲುವ ಅವಧಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಆಯಾ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ತಿಳಿಯಬಹುದು. ಫಲಿತಾಂಶದ ಪ್ರತಿಯಲ್ಲಿ ಕಬ್ಬಿಣದ ಶೇಕಡಾ ಪ್ರಮಾಣದ ಜೊತೆಗೆ ಮೆಗ್ನೀಸಿಯಂ ಆಕ್ಸೈಡ್‌ನ ಪ್ರಮಾಣವನ್ನೂ ನೋಡತಕ್ಕದ್ದು, ಅದು ಶೇ. 35 ರಿಂದ 40 ರ ಆಸುಪಾಸಿನಲ್ಲಿದ್ದರೆ ಕಲ್ಲು ಅಯಸ್ಕಾಂತಕ್ಕೆ ಎಷ್ಟೇ ಅಂಟಿದರೂ ಅದು ಕಬ್ಬಿಣದ ಅದಿರಲ್ಲ.